ಕಟ್ಟಿಗೆ ನೆಲವೂ ಬಕೆಟ್ ನೀರೂ

ಶ್ರಾವಣದ ನಡುವೆ ಕಲಬುರಗಿಯಿಂದ ಮಾಮಾ ಒಂದು ಫೋಟೋ ಕಳಿಸಿದರು. ಸೇಡಂ ರಸ್ತೆ ಕಡೆ ಅಕ್ಕ-ಮಾಮಾ ಹೊಸದಾಗಿ ಕಟ್ಟಿಸಿದ ಮನೆ. ಬಸವ ಜಯಂತಿಯ ದಿನ ಗೃಹಪ್ರವೇಶ ಆಗಿತ್ತು. ಫೋಟೋದಲ್ಲಿ ಹಾಲ್‌ನ ನಟ್ಟನಡುವೆ ಓಕ್ ಕಟ್ಟಿಗೆಯ ನೆಲ ತವೆಯ ಮೇಲಿನ ರೊಟ್ಟಿಯಂತೆ ಉಬ್ಬಿ ಕೂತಿತ್ತು. ಅದರ ಬೆನ್ನಿಗೇ ಧ್ವನಿ ಸಂದೇಶ: "ತಮ್ಮಾ, ನಿಮ್ಮ ಮನಿ ಫೋಟೋ ನೋಡೇ ನಾವು ಹಾಕಿಸಿದ್ದು. ನಿಮ್ಮಲ್ಲಿ ಏನೂ ಆಗಲ್ಲ, ನಮ್ಮಲ್ಲಿ ಯಾಕ ಹಿಂಗ? ಈ ಕಟ್ಟಿಗಿ ನಮ್ಮಂಥವರಿಗಿ ಆಗಿ ಬರಲ್ಲೇನು?"

ಫೋಟೋ ನೋಡಿ ಬೇಜಾರಾಯಿತು. ಚುಚ್ಚಿದ್ದು ಮಾತ್ರ ಆ ನಡುವಿನ ಮಾತು. ನಿಮ್ಮಲ್ಲಿ ಏನೂ ಆಗಲ್ಲ!

ಆಗಲ್ಲ ಅಂತ ಯಾರು ಹೇಳಿದರು? ನಾನಿರುವುದು ಅಮೇರಿಕಾದ ಮಿನ್ನೆಸೋಟಾದಲ್ಲಿ. ಜನವರಿ ಬಂತೆಂದರೆ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಒಳಗೆ ಹಗಲೂ ರಾತ್ರಿ ಹೀಟರ್. ಆ ಒಣ ಬಿಸಿಗಾಳಿಗೆ ನಮ್ಮ ರೆಡ್ ಓಕ್ ನೆಲ ಕುಗ್ಗಿ ಹಲಗೆಗಳ ನಡುವೆ ಸಂದಿ ಬಿಡುತ್ತದೆ. ಮಗಳು ಆ ಸಂದಿಯಲ್ಲಿ ಚಿಲ್ಲರೆ ನಾಣ್ಯ ನಿಲ್ಲಿಸಿ ಆಡುತ್ತಾಳೆ. ಜೂನ್ ತಿಂಗಳಲ್ಲಿ ಹುಡುಕಿದರೂ ಅದೇ ಸಂದಿ ಸಿಗುವುದಿಲ್ಲ. ಊಟದ ಮೇಜಿನ ಕೆಳಗೆ ಕುರ್ಚಿ ಎಳೆದ ಗೀರು, ಬಾಗಿಲ ಬಳಿ ಕುಟ್ಟಾಣಿ ಬಿದ್ದ ಕುಳಿ, ಕಿಟಕಿಯ ಪಕ್ಕ ಚಾಪೆ ಹಾಸಿದ್ದಷ್ಟು ಜಾಗದ ಬಣ್ಣವೇ ಬೇರೆ. ಮಾಮಾ ನೋಡಿದ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿದರೆ ಇವೆಲ್ಲಾ ಕಾಣುತ್ತವೆ. ಮಾಮಾ ಹಿಗ್ಗಿಸಲಿಲ್ಲ. ಹೊಳಪು ನೋಡಿ ಅಂಗಡಿಗೆ ಹೋದರು.

ಹಾಗಾದರೆ ನಮ್ಮಲ್ಲಿಗೂ ಅಲ್ಲಿಗೂ ಏನು ಫರಕು? ನನ್ನ ಲೆಕ್ಕದಲ್ಲಿ ಇರುವುದು ಒಂದೇ ಫರಕು. ಇಲ್ಲಿಯ ಅಂಗಡಿಯವನು ರೊಕ್ಕ ತೆಗೆದುಕೊಳ್ಳುವ ಮೊದಲೇ ಏನೇನು ಆಗುತ್ತದೆ ಎಂದು ಹೇಳಿದ್ದ. ಅಲ್ಲಿಯವನು ರೊಕ್ಕ ತೆಗೆದುಕೊಂಡ ಮೇಲೂ ಹೇಳಲಿಲ್ಲ.

ಇಲ್ಲಿ ನಾವು ನೆಲ ಕೊಳ್ಳಲು ಹೋದ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಮನುಷ್ಯ ಇದ್ದ. ಬಣ್ಣ ತೋರಿಸುವ ಮೊದಲು ವಿಚಾರಣೆಗೆ ಕೂತ. ನಾಯಿ ಇದೆಯಾ? ಮಕ್ಕಳಿದ್ದಾರಾ? ಮನೆಯೊಳಗೆ ಬೂಟು ಹಾಕಿಕೊಂಡು ಓಡಾಡುತ್ತೀರಾ? ಚಳಿಗಾಲದಲ್ಲಿ ಗಾಳಿಗೆ ತೇವ ಕೂಡಿಸುವ ಹ್ಯೂಮಿಡಿಫೈಯರ್ ಹಚ್ಚುತ್ತೀರಾ? ಹೆಣ್ಣು ನೋಡಲು ಬಂದವರೂ ನನ್ನನ್ನು ಇಷ್ಟು ಕೇಳಿರಲಿಲ್ಲ ಎಂದು ಹೆಂಡತಿ ಕಿವಿಯಲ್ಲಿ ಅಂದಳು. ಆಮೇಲೆ ಅವನು ಜೇಬಿನಿಂದ ಬೀಗದ ಕೈ ತೆಗೆದು, ನಾವು ಮೆಚ್ಚಿ ಕೈಯಲ್ಲಿ ಹಿಡಿದಿದ್ದ ಹಲಗೆಯ ಮೇಲೆ ಸರ್ರನೆ ಒಂದು ಗೆರೆ ಎಳೆದ. ಬೆಳ್ಳಗೆ ಗೀರು ಬಿತ್ತು. ಇದು ಮೊದಲ ವಾರವೇ ಬೀಳುತ್ತದೆ, ಇದನ್ನು ನೋಡಿಕೊಂಡು ಇರಬಲ್ಲಿರಾದರೆ ಮುಂದಿನ ಮಾತು ಆಡೋಣ ಅಂದ.

ಅಡಿಕೆ ವ್ಯಾಪಾರಿ ಅಡಿಕೆಗೆ ಹುಳ ಬೀಳುತ್ತದೆ ಎಂದು ತಾನಾಗಿ ಹೇಳಿದ್ದನ್ನು ನಾನಂತೂ ಕಂಡಿಲ್ಲ. ಈ ಮನುಷ್ಯ ಮುಂದುವರಿದೇ ಇದ್ದ. ಕಟ್ಟಿಗೆಯ ಗಟ್ಟಿತನ ಅಳೆಯಲು ಜಾಂಕಾ ಅಂತ ಒಂದು ಪರೀಕ್ಷೆ ಇದೆ. ಸುಮಾರು 11 ಮಿಲಿಮೀಟರ್ ಅಗಲದ ಉಕ್ಕಿನ ಗುಂಡನ್ನು ಅರ್ಧದಷ್ಟು ಕಟ್ಟಿಗೆಯೊಳಗೆ ಒತ್ತಲು ಎಷ್ಟು ಬಲ ಬೇಕು ಎಂದು ನೋಡುತ್ತಾರೆ. ರೆಡ್ ಓಕ್‌ಗೆ 1290, ವೈಟ್ ಓಕ್‌ಗೆ 1360, ಹಿಕರಿಗೆ 1820, ವಾಲ್‌ನಟ್‌ಗೆ 1010, ಎಲ್ಲಾ ಪೌಂಡ್ ಲೆಕ್ಕದಲ್ಲಿ. ನಾವು ತಲೆಯ ಮೇಲೆ ಹೊತ್ತುಕೊಂಡು ಮೆರೆಸುವ ಸಾಗವಾನಿ ಈ ಪರೀಕ್ಷೆಯಲ್ಲಿ ಓಕ್‌ಗಿಂತ ಮೆತ್ತಗೆ. ಸಾಗವಾನಿಯ ಗುಣ ಬೇರೆ ಕಡೆ ಇದೆ, ಗೆದ್ದಲು ಮತ್ತು ನೀರಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಯಾವ ಕಟ್ಟಿಗೆಯೇ ಇರಲಿ, ಹೈಹೀಲ್ ಚಪ್ಪಲಿಯ ಮೊಳೆ ಕಿತ್ತು ಬಂದಿದ್ದರೆ ಅದರ ಮುಂದೆ ಈ ಅಂಕಿಗಳೆಲ್ಲಾ ಒಂದೇ ಎಂದು ಅವನೇ ನಕ್ಕ. ಮೇಲಿನ ಪಾಲಿಯುರೆಥೇನ್ ಪಾಲಿಶ್ ಕಲೆ ತಡೆಯುತ್ತದೆ, ಕುಳಿ ತಡೆಯುವುದಿಲ್ಲ.

ಅಗಲ ಹಲಗೆ ಬೇಕು ಎಂದು ನಾವು ಹಟ ಹಿಡಿದಾಗ ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದ. ಕಟ್ಟಿಗೆ ಉದ್ದಕ್ಕೆ ಹೆಚ್ಚುಕಡಿಮೆ ಆಗುವುದು ನಾಮಮಾತ್ರ, ಆಟವೆಲ್ಲಾ ಅಗಲದಲ್ಲಿ. ಸಾಮಾನ್ಯವಾಗಿ ಕೊಯ್ದ ಐದು ಇಂಚು ಅಗಲದ ರೆಡ್ ಓಕ್ ಹಲಗೆಯೊಳಗಿನ ತೇವ ನಾಲ್ಕು ಪ್ರತಿಶತ ಇಳಿದರೆ ಅದು ಹತ್ತಿರಹತ್ತಿರ 2 ಮಿಲಿಮೀಟರ್ ಕುಗ್ಗುತ್ತದೆ. ಹಳೆಯ ಮನೆಗಳಲ್ಲಿರುವ ಎರಡೂಕಾಲು ಇಂಚಿನ ಪಟ್ಟಿ ಒಂದು ಮಿಲಿಮೀಟರ್ ಕೂಡ ಕುಗ್ಗುವುದಿಲ್ಲ. ದಿಮ್ಮಿಯನ್ನು ನಾಲ್ಕು ಪಾಲು ಮಾಡಿ ಕೊಯ್ದ ಕ್ವಾರ್ಟರ್-ಸಾನ್ ಹಲಗೆಯಾದರೆ ಈ ಆಟ ಅರ್ಧಕ್ಕಿಂತ ಕಡಿಮೆ, ರೊಕ್ಕ ಮಾತ್ರ ಜಾಸ್ತಿ. ಮನೆಯೊಳಗಿನ ಗಾಳಿಯ ತೇವ 35ರಿಂದ 55 ಪ್ರತಿಶತದೊಳಗೆ ಇಟ್ಟರೆ ಎಲ್ಲಾ ಸುಸೂತ್ರ ಅಂದ. ಹಾಗಂತ ಜನವರಿಯಲ್ಲಿ 40ಕ್ಕೆ ಏರಿಸಿದರೆ ಕಿಟಕಿ ಗಾಜಿನ ಮೇಲೆ ನೀರಿಳಿದು ಮಂಜುಗಟ್ಟುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅಂದರೆ ಸಂದಿ ಬಿಟ್ಟೇ ಬಿಡುತ್ತದೆ. ಬಿಟ್ಟ ದಿನ ನನಗೆ ಫೋನ್ ಮಾಡಬೇಡಿ, ಮೇ ತಿಂಗಳ ತನಕ ಕಾಯಿರಿ ಎಂದ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಮಾತು. ಕೈಯಲ್ಲಿ ಹಿಡಿದ ಸ್ಯಾಂಪಲ್ ನೋಡಿ ಇಡೀ ನೆಲ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ ಎಂದ. ಕ್ಲಿಯರ್, ಸೆಲೆಕ್ಟ್, ನಂಬರ್ ಒನ್ ಕಾಮನ್, ನಂಬರ್ ಟೂ ಕಾಮನ್ ಅಂತ ಇಲ್ಲಿ ದರ್ಜೆಗಳಿವೆ. ಅವು ಬರೀ ರೂಪದ ದರ್ಜೆ, ಬಾಳಿಕೆಯದ್ದಲ್ಲ. ಗಂಟು, ಕಪ್ಪು ಗೆರೆ, ಬಣ್ಣದ ಏರಿಳಿತ ಎಷ್ಟಿರಬಹುದು ಎಂಬುದಷ್ಟೇ ಅದರ ಅರ್ಥ. ಯಾವ ದರ್ಜೆಯದ್ದೇ ತಂದರೂ ನೂರಕ್ಕೆ ಐದರಷ್ಟು ಹಲಗೆ ಸರಿಯಿಲ್ಲದ್ದು ಬಂದರೆ ಅದು ಈ ಧಂಧೆಯ ನಿಯಮದೊಳಗೇ ಲೆಕ್ಕ. ಅದಕ್ಕೇ ಅಳತೆಗಿಂತ ಐದರಿಂದ ಹತ್ತು ಪ್ರತಿಶತ ಜಾಸ್ತಿ ತರಿಸುತ್ತಾರೆ. ಕೆಟ್ಟದ್ದನ್ನು ಹಾಕುವವನು ಆರಿಸಿ ಪಕ್ಕಕ್ಕಿಡಬೇಕು, ಮೊಳೆ ಹೊಡೆದ ಮೇಲೆ ಒಪ್ಪಿದಂತೆ. ಕೆಲಸ ಮುಗಿದ ಮೇಲೆ ನೆಲವನ್ನು ನಿಂತು ನೋಡಬೇಕು, ಮಾಮೂಲಿ ಬೆಳಕಿನಲ್ಲಿ. ಮೊಣಕಾಲೂರಿ ಟಾರ್ಚ್ ಬಿಟ್ಟು ಹುಡುಕಿದರೆ ದೋಷ ಸಿಕ್ಕೇ ಸಿಗುತ್ತದೆ, ಅದು ತಕರಾರಿಗೆ ಬರುವುದಿಲ್ಲ.

ಈ ಡಿಸೆಂಬರ್‌ನಲ್ಲಿ ಎಳ್ಳಮಾಸಿಗೆ ಊರಿಗೆ ಹೋದಾಗ ಮಾಮಾ ನನ್ನನ್ನು ತಾವು ನೆಲ ಕೊಂಡ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯ ಹೆಸರು ಬೇಡ. ಮಾಲೀಕ ಒಳ್ಳೆಯ ಮನುಷ್ಯ, ಚಹಾ ತರಿಸಿದ, ಅಮೇರಿಕಾದಿಂದ ಬಂದವನು ಅಂದದ್ದಕ್ಕೆ ಎರಡು ಬಿಸ್ಕಿಟ್ ಜಾಸ್ತಿ ಇಟ್ಟ. ಉಬ್ಬಿದ ನೆಲದ ಮಾತೆತ್ತಿದಾಗ "ಫಿಕರ್ ಮಾಡಬ್ಯಾಡ್ರಿ ಸರ್, ಬ್ಯಾಸಿಗಿ ಬಂತಂದ್ರ ತಾನೇ ಕುಂದರ್ತದ" ಅಂದ. ಅಷ್ಟರಲ್ಲಿ ಆಳಂದದ ಕಡೆಯಿಂದ ಒಂದು ಕುಟುಂಬ ಬಂತು. ಮಗನ ಮದುವೆಗೆ ಮುಂಚೆ ಮೇಲಿನ ಕೋಣೆಗೆ ಕಟ್ಟಿಗೆ ನೆಲ ಹಾಕಿಸಬೇಕಂತೆ. ನಾವು ಚಹಾ ಕುಡಿಯುತ್ತಾ ಕೂತೆವು, ವ್ಯಾಪಾರ ನಮ್ಮ ಕಣ್ಣೆದುರೇ ನಡೆಯಿತು.

ಮಾಲೀಕ ಹಲಗೆ ತೆಗೆದ, ಜೇಬಿನಿಂದ ಬೀಗದ ಕೈ ತೆಗೆದ, ಸರ್ರನೆ ಎಳೆದ. ನಾನು ಕುರ್ಚಿಯ ತುದಿಗೆ ಬಂದೆ. ಗೀರು ಬೀಳಲಿಲ್ಲ! "ನೋಡ್ರಿ ಅಣ್ಣಾ, ಏನೂ ಆಗಲ್ಲ ತಗೋರಿ. ನೀರ್ ಬಿದ್ರೂ ಆಗಲ್ಲ, ಮಂಚ ಎಳದ್ರೂ ಆಗಲ್ಲ. ಜಿಂದಗಿ ಭರ್ ಗ್ಯಾರಂಟಿ." ಮನೆಯ ಹಿರಿಯ ಕೇಳಿದ, "ಒರಿಜಿನಲ್ ಕಟ್ಟಿಗೀನೇ ಏನ್ರಿ?" "ಹೌದ್ರಿ, ಪಕ್ಕಾ ಕಟ್ಟಿಗೀದೇ."

ಹಲಗೆಯನ್ನು ಕೈಗೆ ತೆಗೆದುಕೊಂಡು ಅದರ ಅಂಚು ನೋಡಿದೆ. ಮೇಲೆ ಕಾಗದದಷ್ಟು ತೆಳ್ಳನೆಯ ಪದರ, ಕೆಳಗೆ ಪೂರ್ತಿ ಒತ್ತಿದ ಹಿಟ್ಟಿನ ಕಂದು ಬಣ್ಣ. ಅದು ಲ್ಯಾಮಿನೇಟ್. ಕಟ್ಟಿಗೆಯ ನಾರನ್ನು ಅಂಟಿನಲ್ಲಿ ಒತ್ತಿದ ಎಚ್‌ಡಿಎಫ್ ಹಲಗೆ, ಅದರ ಮೇಲೆ ಓಕ್ ಕಟ್ಟಿಗೆಯ ಫೋಟೋ ಮುದ್ರಿಸಿದ ಕಾಗದ, ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಬೆರೆಸಿದ ಗಟ್ಟಿ ಪದರ. ಬೀಗದ ಕೈಗೆ ಅದು ಜಗ್ಗುವುದಿಲ್ಲ, ನಿಜ. ಪಕ್ಕದ ಡಬ್ಬಿಯಿಂದ ಇನ್ನೊಂದಷ್ಟು ಹಲಗೆ ತೆಗೆದು ಸಾಲಾಗಿ ಇಟ್ಟರೆ ಅದೇ ಗಂಟು, ಅದೇ ಜಾಗದಲ್ಲಿ, ಮತ್ತೆ ಮತ್ತೆ ಬರುತ್ತಿತ್ತು. ಕಟ್ಟಿಗೆಯ ವಿಷಯದಲ್ಲಿ ಮಾಲೀಕ ಸುಳ್ಳು ಹೇಳಲಿಲ್ಲ, ಒಳಗಿರುವುದು ಕಟ್ಟಿಗೆಯ ನಾರೇ. ಆದರೆ ಹಲಗೆ ಹಲಗೆ ಕೂಡುವ ಜಾಗಕ್ಕೆ ನೀರು ಇಳಿದರೆ ಊದಿಕೊಂಡ ಅಂಚು ಮತ್ತೆ ಇಳಿಯುವುದಿಲ್ಲ, ಉಜ್ಜಿ ಹೊಸದು ಮಾಡಲೂ ಬರುವುದಿಲ್ಲ, ಉಜ್ಜಿದರೆ ಫೋಟೋನೇ ಹೋಯಿತು. ಆ ಕೋಣೆಗೆ, ಆ ರೊಕ್ಕಕ್ಕೆ ಅದು ಕೆಟ್ಟ ಆಯ್ಕೆಯೂ ಅಲ್ಲ. ಕೊಳ್ಳುವವರಿಗೆ ತಾವು ಏನು ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಿರಬೇಕಿತ್ತು, ಅಷ್ಟೇ.

ಮಾಮಾ ಕೊಂಡದ್ದು ಲ್ಯಾಮಿನೇಟ್ ಅಲ್ಲ. ಎಂಜಿನಿಯರ್ಡ್ ಓಕ್, ಕೆಳಗೆ ಪ್ಲೈ, ಮೇಲೆ 3 ಮಿಲಿಮೀಟರ್ ಖರೇ ಓಕ್. ಕಾಂಕ್ರೀಟ್ ನೆಲದ ಮೇಲೆ ಹಾಕಲು ಗಟ್ಟಿ ಹಲಗೆಗಿಂತ ಇದೇ ವಾಸಿ, ಅಡ್ಡ-ಉದ್ದ ಅಂಟಿಸಿದ ಪದರಗಳಿಂದಾಗಿ ಇದರ ಕುಗ್ಗು-ಹಿಗ್ಗು ಕಡಿಮೆ. ಆದರೂ ಉಬ್ಬಿತು. ಯಾಕೆ ಉಬ್ಬಿತು ಎಂಬುದನ್ನು ಮಾಮಾ ಬಾಯಿಂದಲೇ ತುಂಡುತುಂಡಾಗಿ ಕೇಳಿ ಜೋಡಿಸಿದೆ. ಏಪ್ರಿಲ್ ಕೊನೆಗೆ ಹಾಕಿದರು. ಕಲಬುರಗಿಯ ಏಪ್ರಿಲ್ ಗೊತ್ತಲ್ಲ, 42 ಡಿಗ್ರಿ, ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕಟ್ಟಿಗೆ ಒಣಗಿ ಆದಷ್ಟು ಚಿಕ್ಕದಾಗಿರುವ ಕಾಲ. ಡಬ್ಬಿಗಳು ಬೆಳಿಗ್ಗೆ ಗೋಡೌನಿಂದ ಬಂದವು, ಮಧ್ಯಾಹ್ನ ಹಾಸಲು ಶುರು. ಹೊಸ ಮನೆಯ ಕಾಂಕ್ರೀಟು, ಗಿಲಾವು ಇನ್ನೂ ಒಳಗೊಳಗೇ ಹಸಿ. ಇಂಚಿಗೆ ಒಂದು ತಿಂಗಳು ಒಣಗಿಸು ಎಂಬ ಹಳೆಯ ಲೆಕ್ಕವನ್ನು ಮುಹೂರ್ತ ಕೇಳುತ್ತದೆಯೇ? ಹಾಕುವ ಹುಡುಗ ನಾಲ್ಕೂ ಗೋಡೆಗೆ ಅರ್ಧ ಇಂಚಿನಷ್ಟು ಸಂದಿ ಬಿಟ್ಟಿದ್ದ. ಅವನಿಗೆ ಕೆಲಸ ಗೊತ್ತಿತ್ತು. ಸ್ಕರ್ಟಿಂಗ್ ಟೈಲ್ಸ್ ಮೊದಲೇ ಗೋಡೆಗೆ ಕೂಡಿಸಿಯಾಗಿದ್ದರಿಂದ ಆ ಸಂದಿ ಎದ್ದು ಕಾಣುತ್ತಿತ್ತು.

"ಇದ್ಯಾಕ ಬಿಟ್ಟೀಯೋ ಸಂದಿ? ಇರಿವಿ ಸೇರ್ತಾವ" ಅಂದರು ಮಾಮಾ.

ಹುಡುಗ ಒಂದು ಸಲ ಏನೋ ಹೇಳಲು ಹೋಗಿ, ಸಾವ್ಕಾರರ ಮುಖ ನೋಡಿ, ವೈಟ್ ಸಿಮೆಂಟ್ ಕಲಸಿ ಮುಚ್ಚಿದ.

ಜುಲೈ ಬಂತು, ಮಳೆ ಹಿಡಿಯಿತು. ಗಾಳಿಯ ತೇವ 30 ಪ್ರತಿಶತ ಇದ್ದಾಗ ಕಟ್ಟಿಗೆ ತನ್ನೊಳಗೆ 6 ಪ್ರತಿಶತದಷ್ಟು ನೀರು ಇಟ್ಟುಕೊಳ್ಳುತ್ತದೆ, ಗಾಳಿ 80ಕ್ಕೆ ಏರಿದರೆ ಕಟ್ಟಿಗೆ ನಿಧಾನಕ್ಕೆ 16ರ ಕಡೆಗೆ ಹೊರಡುತ್ತದೆ. ಕಿಟಕಿ ತೆರೆದಿಡುವ ನಮ್ಮ ಊರಿನ ಮನೆಗಳಲ್ಲಿ ಈ ಏರಿಳಿತ ಮಿನ್ನೆಸೋಟಾದ ಮುಚ್ಚಿದ ಮನೆಗಳಿಗಿಂತ ದೊಡ್ಡದು, ಯಾರೂ ಮಾಮಾಗೆ ಇದನ್ನು ಹೇಳಲಿಲ್ಲ. ಹಿಗ್ಗಿದ ಹಲಗೆಗಳು ಗೋಡೆಯ ಕಡೆ ಸರಿಯಲು ನೋಡಿದವು, ಅಲ್ಲಿ ಸಿಮೆಂಟು. ಬೇರೆ ದಾರಿ ಮೇಲಕ್ಕೇ.

ಇನ್ನು ನೀರು. ಅಕ್ಕ ದಿನಾ ಬಕೆಟ್ಟಿನಲ್ಲಿ ಫಿನಾಯಿಲ್ ಹಾಕಿ ಬಟ್ಟೆ ಅದ್ದಿ ಒರೆಸುತ್ತಾಳೆ. ಅಮಾಸಿ ಬಂದರೆ ಸುರಿದು ತೊಳೆಯುತ್ತಾಳೆ. ಕಟ್ಟಿಗೆ ನೆಲಕ್ಕೆ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು, ನಿಂತ ನೀರು ಶತ್ರು ಎಂದು ನಾನು ಶುರು ಮಾಡಿದರೆ, "ಒಣ ಅರಬಿಲೆ ಒರಸಿದ್ರ ಅದು ಮನಿ ಅಂತಾರೇನೋ? ಮಂದಿ ಊಟಕ್ಕ ಕುಂದರಬೇಕಲ್ಲ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೃಹಪ್ರವೇಶದ ದಿನ ಆಕಳು-ಕರು ಒಳಗೆ ಬಂದದ್ದನ್ನೂ ಆಮೇಲೆ ಹೇಳಿದಳು. ಬಾಗಿಲಿನಿಂದ ದೇವರ ಕೋಣೆಯವರೆಗೆ ಗೊರಸಿನ ಕುಳಿಗಳು ಸಾಲಾಗಿ ಇವೆ. ಅವು ಮಾತ್ರ ಯಾರಿಗೂ ದೋಷವಾಗಿ ಕಂಡಿಲ್ಲ, ಬಂದವರಿಗೆಲ್ಲಾ ತೋರಿಸುತ್ತಾರೆ!

ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮವರು ಕಟ್ಟಿಗೆಯ ಸ್ವಭಾವ ಅರಿಯದ ಜನ ಅಲ್ಲವೇ ಅಲ್ಲ. ಶಹಾಬಜಾರಿನ ಹಳೆಯ ಮನೆಯಲ್ಲಿ ಮುತ್ಯಾ ಇದ್ದಾಗ ತೊಲೆ, ಜಂತಿ, ಬಾಗಿಲು ಎಲ್ಲಾ ಕಟ್ಟಿಗೆಯದೇ. ಹೊಸ ಬಾಗಿಲಿಗೆ ತಂದ ಸಾಗವಾನಿಯನ್ನು ಬಡಿಗ್ಯಾ ಕೂಡಲೇ ಮುಟ್ಟುತ್ತಿರಲಿಲ್ಲ, ಒಂದೆರಡು ಮಳಿಗಾಲ ಕಾಣಲಿ ಅನ್ನುತ್ತಿದ್ದ. ಮಳೆಗಾಲದಲ್ಲಿ ಬಾಗಿಲು ಬಿಗಿದು ಒದ್ದು ತೆರೆಯಬೇಕಾದಾಗ ಯಾರೂ ಅಂಗಡಿಯವನಿಗೆ ಶಾಪ ಹಾಕುತ್ತಿರಲಿಲ್ಲ. ಜಾಸ್ತಿ ಆದರೆ ಬಡಿಗ್ಯಾ ಬಂದು ರಂದಾ ಹೊಡೆಯುತ್ತಿದ್ದ, ದೀಪಾವಳಿ ಹೊತ್ತಿಗೆ ತಾನೇ ಸಡಿಲಾಗುತ್ತಿತ್ತು. ಬಾಗಿಲಿಗೆ ಕೊಟ್ಟ ಆ ಸಲಿಗೆಯನ್ನು ನೆಲಕ್ಕೆ ಯಾಕೆ ಕೊಡುವುದಿಲ್ಲ?

ನನಗನಿಸುವುದು, ನಮಗೆ ನೆಲ ಅಂದರೆ ಕಲ್ಲು. ಶಹಾಬಾದಿನ ಪರ್ಸಿ, ಅಂದರೆ ಹಾಸುಗಲ್ಲು, ನಮ್ಮ ಊರಿನಿಂದ ಒಂದು ಗಳಿಗೆಯ ದಾರಿ, ಅದರ ಮೇಲೆ ಹುಟ್ಟಿ, ಅದರ ಮೇಲೆ ಉಂಡು, ಮೇ ತಿಂಗಳಲ್ಲಿ ನೀರು ಹೊಡೆದು ಅದರ ಮೇಲೇ ಮಲಗಿ ಬೆಳೆದವರು ನಾವು. ಅದು ಸುಣ್ಣದ ಕಲ್ಲು, ಲಿಂಬೆರಸ ಬಿದ್ದಲ್ಲಿ ಬಿಳಿ ಕಲೆ ಕೂರುತ್ತದೆ, ಅಂಚು ಒಡೆಯುತ್ತದೆ. ಆದರೂ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆಮೇಲೆ ಬಂದ ವಿಟ್ರಿಫೈಡ್ ಟೈಲ್ಸ್ ಕಲೆಯನ್ನೂ ಹಿಡಿಯದಾಯಿತು. ಈಗ ಕಟ್ಟಿಗೆ ನೆಲ ಕೊಳ್ಳುವವರು ಕೇಳುತ್ತಿರುವುದು ಕಟ್ಟಿಗೆಯನ್ನಲ್ಲ, ಕಟ್ಟಿಗೆಯ ಬಣ್ಣದ ಕಲ್ಲನ್ನು. ಅದರ ಮೇಲೆ ರೊಕ್ಕದ ತರ್ಕ ಬೇರೆ. ಟೈಲ್ಸಿಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಟ್ಟಿದ್ದೇವೆ, ಹಾಗಾಗಿ ಟೈಲ್ಸಿಗಿಂತ ಅಷ್ಟೇ ಪಟ್ಟು ಗಟ್ಟಿ ಇರಬೇಕು! ಜಾಸ್ತಿ ಕೊಟ್ಟದ್ದಕ್ಕೆ ಜಾಸ್ತಿ ಜತನ ಮಾಡಬೇಕು ಅಂದರೆ ನಗುತ್ತಾರೆ.

ಮಾಮಾ ಒಮ್ಮೆ ಮಾತನ್ನು ಬೀದರ್ ಕೋಟೆಗೆ ತಂದರು. "ರಂಗೀನ ಮಹಲಿನಾಗ ಕಟ್ಟಿಗಿ ಕಂಬ ನಾಕು ನೂರು ವರ್ಷದಿಂದ ನಿಂತಾವ, ನಮ್ಮ ಹಾಲ್‌ಗ ಏನ್ ಬಂತು ಧಾಡಿ?" ಕೆತ್ತನೆಯ ಕಂಬಗಳು ನಿಂತಿವೆ, ಸರಿ. ಅಲ್ಲಿ ಆಳಿದ ಬರೀದಶಾಹಿಗಳು ಅವುಗಳ ಮೇಲೆ ದಿನಾ ಫಿನಾಯಿಲ್ ನೀರು ಸುರಿಸಿರಲಿಕ್ಕಿಲ್ಲ ಮಾಮಾ ಎಂದೆ. ಅಕ್ಕ ಒಳಗಿನಿಂದ ನಕ್ಕಳು, ಮಾಮಾ ನಗಲಿಲ್ಲ.

ಹಾಗಂತ ಕಲ್ಯಾಣ ಕರ್ನಾಟಕದಲ್ಲಿ ಯಾರೂ ಕಟ್ಟಿಗೆ ನೆಲ ಹಾಕಿಸಬಾರದು ಎಂದಲ್ಲ. ಮಲಗುವ ಕೋಣೆಗೆ ಹಾಕಿಸಿ, ಅಡುಗೆಮನೆ, ದೇವರ ಕೋಣೆ, ಬಚ್ಚಲ ಬಾಗಿಲು ಬಿಟ್ಟುಬಿಡಿ. ಅಂಗಡಿಯಲ್ಲಿ ಹಲಗೆಯ ಮುಖ ನೋಡುವ ಮೊದಲು ಅಂಚು ನೋಡಿ. ಮೇಲಿನ ಖರೇ ಕಟ್ಟಿಗೆ ಎಷ್ಟು ಮಿಲಿಮೀಟರ್ ಎಂದು ಕೇಳಿ. ಅರ್ಧ ಮಿಲಿಮೀಟರ್ ಆಸುಪಾಸಿನದ್ದನ್ನು ಉಜ್ಜಲು ಬರುವುದಿಲ್ಲ, ಮೂರ್ನಾಲ್ಕು ಇದ್ದರೆ ಮುಂದೆ ಒಂದೆರಡು ಸಲ ಉಜ್ಜಿ ಪಾಲಿಶ್ ಮಾಡಿಸಬಹುದು, 19 ಮಿಲಿಮೀಟರ್ ಗಟ್ಟಿ ಹಲಗೆಯಾದರೆ ನಿಮ್ಮ ಮಕ್ಕಳೂ ಮಾಡಿಸಿಕೊಳ್ಳಬಹುದು. ಕನ್ನಡಿ ಹೊಳಪಿನ ಪಾಲಿಶ್ ಬೇಡ, ಪ್ರತಿ ಗೀರನ್ನೂ ಎತ್ತಿ ತೋರಿಸುತ್ತದೆ. ಮಂದ ಹೊಳಪಿನದ್ದರಲ್ಲಿ ಅಷ್ಟು ಕಾಣುವುದಿಲ್ಲ. ಡಬ್ಬಿಗಳನ್ನು ಅದೇ ಕೋಣೆಯಲ್ಲಿ ಕೆಲವು ದಿನ ಬಿಚ್ಚಿಡಿ. ಅದಕ್ಕೂ ಮೊದಲು ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಪೂರ್ತಿ ಒಂದು ಹಗಲೂ ರಾತ್ರಿ ಬಿಟ್ಟು, ಕೆಳಗೆ ನೀರು ಬೆವರಿದೆಯೇ ನೋಡಿ. ಜಿಂದಗಿ ಭರ್ ಗ್ಯಾರಂಟಿಯ ಕಾಗದ ಕೊಟ್ಟರೆ ಕೊನೆಯ ಪುಟದಿಂದ ಓದಲು ಶುರು ಮಾಡಿ. ಸಾಮಾನ್ಯವಾಗಿ ಅದು ಮೇಲಿನ ಪಾಲಿಶ್ ಪೂರ್ತಿ ಸವೆದು ಹೋದರೆ, ಇಲ್ಲವೇ ತಯಾರಿಕೆಯಲ್ಲೇ ದೋಷವಿದ್ದರೆ ಮಾತ್ರ; ಗೀರು, ಕುಳಿ, ನೀರು, ಬಣ್ಣ ಬದಲು, ಸಂದಿ ಯಾವುದೂ ಅದರಲ್ಲಿ ಬರುವುದಿಲ್ಲ.

ಈ ಕೊನೆಯ ಮಾತು ನನಗೆ ಗೊತ್ತಾದದ್ದು ಕಲಬುರಗಿಯಲ್ಲಲ್ಲ, ಇಲ್ಲಿ. ಇದನ್ನು ಬರೆಯದೇ ಬಿಡಬಹುದಿತ್ತು, ಆದರೆ ಅಕ್ಕ ಓದುತ್ತಾಳೆ. ಆ ಪ್ರಾಮಾಣಿಕ ಮುದುಕ ಎಲ್ಲವನ್ನೂ ಬಾಯಲ್ಲಿ ಹೇಳಿದ ಮೇಲೆ ಒಂದು ಕಟ್ಟು ಕಾಗದ ಮುಂದಿಟ್ಟು ಪುಟಪುಟಕ್ಕೂ ಸಹಿ ಹಾಕಿಸಿಕೊಂಡಿದ್ದ. ಹಾಕಿಸಿದ ವರ್ಷವೇ ಊಟದ ಕೋಣೆಯ ಒಂದು ಮೂಲೆಯಲ್ಲಿ ಹಲಗೆ ಕಿರ್ ಕಿರ್ ಅನ್ನತೊಡಗಿತು, ಪಕ್ಕದ ಎರಡು ಸಡಿಲವಾದವು. ಫೋನ್ ಮಾಡಿದರೆ ತಯಾರಕರ ಕಡೆಯಿಂದ ಒಬ್ಬ ಇನ್‌ಸ್ಪೆಕ್ಟರ್ ಬಂದ. ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಬಂದು, ನೆಲ ನೋಡುವ ಮೊದಲು ಗೋಡೆಯ ಬಳಿ ಗಾಳಿಯ ತೇವ ಅಳೆಯುವ ಒಂದು ಸಣ್ಣ ಯಂತ್ರ ಹಿಡಿದ. 24 ಪ್ರತಿಶತ. 35ಕ್ಕಿಂತ ಕಡಿಮೆ ಇದೆ, ವಾರಂಟಿ ಅನ್ವಯಿಸುವುದಿಲ್ಲ, ಒಳ್ಳೆಯ ದಿನವಾಗಲಿ. ಮೂಲೆಯ ಹಲಗೆಯ ಮೇಲೆ ಕಾಲಿಟ್ಟೂ ನೋಡಲಿಲ್ಲ. ಅಂದು ಅಂಗಡಿಯಲ್ಲಿ ಕೇಳಿದ ಪ್ರಶ್ನೆಗಳೆಲ್ಲಾ ನಮ್ಮ ಹಿತಕ್ಕಷ್ಟೇ ಇರಲಿಲ್ಲ ಎಂದು ಆ ಹೊತ್ತಿಗೆ ಹೊಳೆಯಿತು. ಆ ಹಲಗೆ ಇವತ್ತಿಗೂ ಕಿರ್ ಅನ್ನುತ್ತದೆ. ದುರಸ್ತಿಯವನನ್ನು ಕರೆದರೆ ಬಂದು ನೋಡಿ ಹೋಗುವುದಕ್ಕೇ ಅವನು ಹೇಳಿದ ದರ ಕೇಳಿ ಸುಮ್ಮನಾದೆವು.

ಮಾಮಾನ ಹಾಲ್ ಸರಿಯಾಯಿತು. ಅಂಗಡಿಯವನು ಬ್ಯಾಸಿಗಿ ಬರಲಿ ಅನ್ನುತ್ತಾ ಕೂತಿದ್ದರೂ, ಸಂದಿ ಬಿಟ್ಟಿದ್ದ ಆ ಹುಡುಗ ನಾನು ಊರಲ್ಲಿದ್ದಾಗಲೇ ಒಂದು ಭಾನುವಾರ ತಾನಾಗಿ ಬಂದ. ಸ್ಕರ್ಟಿಂಗ್ ಬಿಚ್ಚಿ, ಸಿಮೆಂಟ್ ಕೆರೆದು ತೆಗೆದು, ನಾಲ್ಕೂ ಕಡೆ ಹಲಗೆಯ ಅಂಚನ್ನು ಮಷೀನಿನಲ್ಲಿ ಕೊಯ್ದ. ಉಬ್ಬಿದಲ್ಲಿ ನಾಲ್ಕು ಸಿಮೆಂಟ್ ಚೀಲ ಹೇರಿದ. ಕೂತ ಮೇಲೆ ಮತ್ತೆ ಬಂದು, ಸಂದಿ ಮುಚ್ಚುವಂತೆ ಕಟ್ಟಿಗೆಯ ಪಟ್ಟಿ ಹೊಡೆದು ಕೊಟ್ಟ. ಪೂರ್ತಿ ಸಪಾಟಾಗಿಲ್ಲ, ಬರಿಗಾಲಲ್ಲಿ ನಡೆದರೆ ಒಂದು ಕಡೆ ಸ್ವಲ್ಪ ಏರು ಗೊತ್ತಾಗುತ್ತದೆ. ಎಷ್ಟು ಕೊಡಬೇಕು ಎಂದರೆ, "ಏನ್ ತಿಳಿತದ ಕೊಡ್ರಿ ಸಾವ್ಕಾರ್ರೇ, ನಾನೇ ಹಾಕಿದ ನೆಲ ಅದ" ಅಂದನಂತೆ.

ಮೇಲಿನ ಮಹಡಿಯ ಕೋಣೆ ಇನ್ನೂ ಖಾಲಿ ಇದೆ. ಅಲ್ಲಿ ಪರ್ಸಿಯೇ ಬೇಕು ಎಂದು ಅಕ್ಕ ಹೇಳಿಯಾಗಿದೆ. ಮೊನ್ನೆ ರಾತ್ರಿ ಮಾಮಾ ಫೋನ್ ಮಾಡಿ, ಅವಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ತಮ್ಮಾ, ಸಂದಿ ಎಷ್ಟ್ ಬಿಡಬೇಕಂದಿ?" ಎಂದರು.

"ಅರ್ಧ ಇಂಚು ಬಿಡಸ್ರಿ ಮಾಮಾ, ಪಟ್ಟಿ ಹೊಡದ್ರ ಕಾಣಲ್ಲ."

"ಹಂಗಾರ ಅದರಾಗ ಜರಾ ಇರಿವಿ ಪುಡಿ ಹಾಕಿಸ್ಲೇನು?"